ಗಾಂಜಾಕ್ಕೆ ಪರವಾನಗಿ: ಗಡಹಿಂಗ್ಲಜದ ಮಾತನ್ನೂ ಕೇಳಲಿ

ಗಾಂಜಾವನ್ನು ದೇಶಾದ್ಯಂತ ಕಾನೂನುಬದ್ಧಗೊಳಿಸಬೇಕೆಂಬ ಕೂಗು ದಿಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ಆಗಾಗ ಏಳುತ್ತದೆ, ಮತ್ತೆ ಅಡಗುತ್ತದೆ. ಪರವಾಗಿ ಮಾತಾಡುವವರು ಕೆನಡಾದ ಉದಾಹರಣೆ ಕೊಡುತ್ತಾರೆ. ವಿರೋಧಿಸುವವರು ನಮ್ಮ ಸಂಸ್ಕೃತಿಯ ಹೆಸರೆತ್ತುತ್ತಾರೆ. ಶಿವರಾತ್ರಿಯ ದಿನ ಭಂಗಿ ಅರೆಯುವುದೂ ಇದೇ ಸಂಸ್ಕೃತಿಯೊಳಗಿನ ಕೆಲಸವೆಂಬುದನ್ನು ಇಬ್ಬರೂ ಮರೆಯುತ್ತಾರೆ. ಗಿಡ ನೆಟ್ಟು ಜೈಲು ಸೇರುವ ರೈತನ ಮಾತಾಗಲಿ, ಚಿಲುಮೆ ಹಿಡಿಯುವ ಕೂಲಿಯವನ ಮಾತಾಗಲಿ, ಅವನ ಸಂಬಳದ ದಾರಿ ಕಾಯುವ ಹೆಂಗಸಿನ ಮಾತಾಗಲಿ ಈ ಚರ್ಚೆಯಲ್ಲಿ ಕೇಳಿಬರುವುದಿಲ್ಲ.

ಆದುದರಿಂದ ಈ ಪ್ರಶ್ನೆಯನ್ನು ನಾವು ಕೊಲ್ಲಾಪುರ ಸೀಮೆಗೆ ಒಯ್ದು ನೋಡಬಯಸುತ್ತೇವೆ. ಅಷ್ಟು ದೂರವೇಕೆ ಎಂದು ವಾಚಕರು ಕೇಳಬಹುದು. ಗಡಹಿಂಗ್ಲಜದ ಕನ್ನಡಿಗರು ನಮ್ಮಂತೆಯೇ ಗಡಿಯಾಚೆ ಉಳಿದವರು. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು. ಹಿರಣ್ಯಕೇಶಿ ನದಿ ಅವರ ಊರನ್ನು ದಾಟಿ ಸಂಕೇಶ್ವರಕ್ಕೆ ಬಂದರೆ ಕರ್ನಾಟಕ. ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಕಬ್ಬಿನ ಗದ್ದೆ, ಮಗ್ಗದ ಪಟ್ಟಣ, ತಂಬಾಕಿನ ಪೇಟೆ, ರಾಜ್ಯದ ಗಡಿ, ಈ ನಾಲ್ಕೂ ಅಲ್ಲಿ ಒಂದೆರಡು ಗಂಟೆಯ ಬಸ್ ದಾರಿಯೊಳಗೆ ಸಿಗುತ್ತವೆ. ಗಾಂಜಾ ಕಾನೂನು ಸಡಿಲವಾದರೆ ಏನಾದೀತು, ಬಿಗಿಯಾಗಿಯೇ ಉಳಿದರೆ ಏನಾಗುತ್ತಿದೆ ಎಂಬುದನ್ನು ನೋಡಲು ಇಷ್ಟು ಸಾಕು.

ಮೊದಲು ಕಾನೂನಿನ ಸಂಗತಿ. ಬ್ರಿಟಿಷರು 1893ರಲ್ಲಿ ಭಾರತದ ಗಾಂಜಾ, ಚರಸ್, ಭಂಗಿಗಳ ಬಗ್ಗೆ ಆಯೋಗವೊಂದನ್ನು ನೇಮಿಸಿದರು. ಸಾವಿರಕ್ಕೂ ಮಿಕ್ಕಿ ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಅದು ವರದಿ ಕೊಟ್ಟಿತು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಅಧಿಕಾರ ವಹಿಸಿಕೊಂಡುದೂ ಅದೇ ವರುಷ. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಕೆಡುಕು. ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಮೂಲಕ ಹತೋಟಿಯಲ್ಲಿಡಿ ಎಂಬುದು ವರದಿಯ ಸಾರ. ಆಳುವವರಿಗೆ ತೆರಿಗೆಯ ಮೇಲೆ ಕಣ್ಣಿತ್ತೆಂಬುದು ನಿಜ. ಆದರೂ ಅವರು ಕೇಳಿ ನೋಡಿ ತೀರ್ಮಾನಿಸಿದರೆಂಬುದೂ ನಿಜ.

ಸ್ವತಂತ್ರ ಭಾರತ ಅಷ್ಟು ತಾಳ್ಮೆ ತೋರಲಿಲ್ಲ. 1961ರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಗಾಂಜಾವನ್ನು ಕ್ರಮೇಣ ನಿಲ್ಲಿಸಲು 25 ವರುಷಗಳ ಅವಕಾಶವಿತ್ತು. ಆ ಗಡುವು ಸಮೀಪಿಸುತ್ತಲೇ 1985ರಲ್ಲಿ ಮಾದಕ ವಸ್ತು ಕಾಯಿದೆ ಬಂತು. ಆಗಸ್ಟಿನಲ್ಲಿ ಮಂಡನೆಯಾದ ಮಸೂದೆಗೆ ಸೆಪ್ಟೆಂಬರ 16ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನವೆಂಬರ 14ರಿಂದ ಜಾರಿ. ಅಫೀಮು, ಹೆರಾಯಿನ್, ಕೊಕೇನುಗಳ ಪಂಕ್ತಿಯಲ್ಲಿ ಗಾಂಜಾವೂ ಕೂತಿತು. ವಿಚಿತ್ರವೆಂದರೆ, ಅದೇ ಗಿಡದ ಎಲೆ ಮತ್ತು ಬೀಜ, ಹೂತುದಿಯ ಜೊತೆಗಿಲ್ಲದಿದ್ದರೆ, ಕಾಯಿದೆಯ ಹೊರಗೆ. ಹೂತುದಿ ಗಾಂಜಾ, ಅಂಟು ಚರಸ್. ಎಲೆ ಅರೆದ ಭಂಗಿ ಮಾತ್ರ ನಿರ್ದೋಷಿ. ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳೇ ಇವೆ. ಭಂಗಿ ಈ ಕಾಯಿದೆಯಡಿ ನಿಷಿದ್ಧವಲ್ಲವೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಹೇಳಿತು. ಒಂದೇ ಗಿಡದ ಕೆಳಗಿನ ಕೊಂಬೆ ಪ್ರಸಾದ, ಮೇಲಿನ ಕೊಂಬೆ ಅಪರಾಧ!

ಈ ಕಾಯಿದೆಯ ಏಟು ಯಾರ ಮೇಲೆ ಬೀಳುತ್ತದೆ? ಕಬ್ಬಿನ ನಡುವೆ, ಅರಿಸಿನದ ಸಾಲಿನಲ್ಲಿ ಗಾಂಜಾ ಗಿಡ ಸಿಕ್ಕಿತು, ರೈತನ ಬಂಧನವಾಯಿತು ಎಂಬ ಸುದ್ದಿ ಪಶ್ಚಿಮ ಮಹಾರಾಷ್ಟ್ರದಿಂದಲೂ ಬೆಳಗಾವಿ, ವಿಜಯಪುರಗಳ ಕಡೆಯಿಂದಲೂ ಬರುತ್ತಲೇ ಇರುತ್ತದೆ. ಎತ್ತರದ ಕಬ್ಬು ಒಳ್ಳೆಯ ಮರೆ. ಅನುಮತಿಯಿಲ್ಲದೆ ಗಿಡ ಬೆಳೆಸಿದವನಿಗೆ ಹತ್ತು ವರುಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಹತ್ತಿರವಿದ್ದ ಗಾಂಜಾ ಒಂದು ಕಿಲೋದೊಳಗಾದರೆ ಒಂದು ವರುಷದವರೆಗೆ. 20 ಕಿಲೋ ಮೀರಿದರೆ ಅದು ವ್ಯಾಪಾರದ ಪ್ರಮಾಣ, ಸಜೆ ಹತ್ತು ವರುಷದಿಂದ ಇಪ್ಪತ್ತು. ಆಗ ಜಾಮೀನು ಸಿಗುವುದೂ ದುಸ್ತರ. ಇಲ್ಲಿ ತೂಕದ ಆಟವೊಂದಿದೆ. ಕಾಯಿದೆ ಹೂತುದಿಯನ್ನಷ್ಟೇ ಗಾಂಜಾ ಎನ್ನುತ್ತದೆ. ಪೊಲೀಸರು ಹಸಿಗಿಡವನ್ನು ಬೇರು, ಕಾಂಡ, ಎಲೆ, ಅಂಟಿದ ಮಣ್ಣಿನ ಸಮೇತ ತಕ್ಕಡಿಗೆ ಹಾಕಿದರೆ ಕೆಲವೇ ಗಿಡಗಳಿಗೆ 20 ಕಿಲೋ ದಾಟೀತು. ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಗಳು ಹಲವು ಪ್ರಕರಣಗಳಲ್ಲಿ ಜಾಮೀನು ಕೊಟ್ಟಿವೆ. ಆದರೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ ಸಣ್ಣ ಹಿಡುವಳಿದಾರನ ಒಂದೆಕರೆ ಅಡವಿಗೆ ಬಿದ್ದಿರುತ್ತದೆ. ಗಿಡ ನೆಡಲು ಮುಂಗಡ ಕೊಟ್ಟು, ಸೊಪ್ಪು ಒಯ್ಯಲು ರಾತ್ರಿ ಗಾಡಿ ತರುವ ವ್ಯಾಪಾರಿಯ ಹೆಸರು ಮಹಜರಿನಲ್ಲಿ ಇರುವುದು ಅಪರೂಪ.

ಇಚಲಕರಂಜಿಯ ಕತೆ ಬೇರೆ. ವಿಠ್ಠಲರಾವ್ ದಾತಾರರು 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಜಹಗೀರುದಾರ ಘೋರ್ಪಡೆಯವರ ಪ್ರೋತ್ಸಾಹದಿಂದ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು. 2022ರಲ್ಲಿ ಮಹಾನಗರ ಪಾಲಿಕೆಯೂ ಆಯಿತು. ಮಗ್ಗದ ಮುಂದೆ ನಿಲ್ಲುವವರಲ್ಲಿ ಕರ್ನಾಟಕದ ಹಳ್ಳಿಗಳವರೂ ಉತ್ತರ ಪ್ರದೇಶ, ಬಿಹಾರಗಳವರೂ ಇದ್ದಾರೆ. ಹನ್ನೆರಡು ಗಂಟೆಯ ಪಾಳಿ, ಕಿವಿ ಕಿವುಡಾಗುವ ಸದ್ದು, ನೇಯ್ದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಅಂಥವನು ಪಾಳಿ ಮುಗಿಸಿ ಏನನ್ನೂ ಮುಟ್ಟದೆ ಮಲಗಬೇಕೆಂದು ಹೇಳುವ ನೈತಿಕ ಧೈರ್ಯ ನಮಗಿಲ್ಲ. ಅವನ ಮುಂದೆ ಇರುವ ಆಯ್ಕೆಯಾದರೂ ಯಾವುದು? ಸಾರಾಯಿ ಕುಡಿದರೆ ಸರಕಾರದ ಬೊಕ್ಕಸಕ್ಕೆ ಆದಾಯ. ಚಿಲುಮೆ ಸೇದಿದರೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ. ಯಾವುದರಿಂದ ಹೆಚ್ಚು ಹೆಂಡಿರ ಬೆನ್ನು ಬಾತಿದೆ ಎಂದು ಯಾವ ಮಗ್ಗದ ಓಣಿಯಲ್ಲಾದರೂ ಕೇಳಿ ನೋಡಲಿ.

ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಭಂಗಿ, ಗಾಂಜಾ, ಚರಸ್ ಸೇವಿಸುವವರು ಸುಮಾರು 3 ಕೋಟಿ 10 ಲಕ್ಷ, ಅವರಲ್ಲಿ ಬಿಡಲಾರದ ಚಟಕ್ಕೆ ಬಿದ್ದವರು 25 ಲಕ್ಷದಷ್ಟು. ಈ ಮೂರು ಕೋಟಿ ಜನರನ್ನು ತುಂಬಲು ಯಾವ ಸರಕಾರದ ಬಳಿಯೂ ಜೈಲಿಲ್ಲ. ಆದುದರಿಂದ ಹಿಡಿಯುವುದು ಕೆಲವರನ್ನು. ಕೆಲವರೆಂದರೆ ಯಾರೆಂದು ವಾಚಕರಿಗೆ ಹೇಳಬೇಕಿಲ್ಲ. ಹಾಗೆಂದು ಗಾಂಜಾ ತುಳಸಿಯ ದಳವೂ ಅಲ್ಲ. ಎಳೆ ಪ್ರಾಯದಲ್ಲಿ ಹಿಡಿದು ನಿತ್ಯ ಸೇದುವವರಲ್ಲಿ ಮನೋರೋಗದ ಅಪಾಯ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಿದ್ದಾರೆ. ಇಂದು ಸಿಗುವ ಮಾಲು ಅಜ್ಜಂದಿರು ಸೇದಿದ್ದಕ್ಕಿಂತ ಕಟುವಾಗಿರುವುದೂ ಉಂಟು. ಶಾಲೆಯ ಗೇಟಿನ ಬಳಿ ಇದನ್ನು ಮಾರುವವನ ಪರವಾಗಿ ನಾವು ಒಂದಕ್ಷರವನ್ನೂ ಬರೆಯಲಾರೆವು.

ನಿಷೇಧದಿಂದ ಅಮಲು ನಿಂತಿದೆಯೆ? ಪಟಿಯಾಲಾದ ಸಂಸದ ಡಾ. ಧರ್ಮವೀರ ಗಾಂಧಿಯವರು 2016ರಲ್ಲಿ ಖಾಸಗಿ ಮಸೂದೆಯ ಮೂಲಕ ಎತ್ತಿದ ಪ್ರಶ್ನೆ ಇದೇ. ಗಿಡದಿಂದ ಬರುವ ಸಾಮಾನ್ಯ ಅಮಲನ್ನು ಮುಚ್ಚಿದ್ದರಿಂದ ಜನ ರಾಸಾಯನಿಕ ವಿಷಕ್ಕೆ ತಿರುಗಿದರೆಂದು ಅವರ ವಾದ. ಮಸೂದೆ ಮುಂದೆ ಹೋಗಲಿಲ್ಲ. ಆದರೆ 2021ರ ನವೆಂಬರಿನಲ್ಲಿ ಮುಂಬಯಿ ಪೊಲೀಸರು ಎಂ.ಡಿ. ಎಂಬ ರಾಸಾಯನಿಕ ಮಾದಕದ ಕಾರಖಾನೆಯನ್ನು ಹಿಡಿದದ್ದು ಎಲ್ಲಿ? ಗಡಹಿಂಗ್ಲಜಕ್ಕೆ ತಾಗಿದ ಚಂದಗಡ ತಾಲೂಕಿನ ಢೋಲಗರವಾಡಿಯ ತೋಟದ ಮನೆಯೊಂದರಲ್ಲಿ! ಅದಕ್ಕೆ ಗದ್ದೆ ಬೇಡ, ಮಳೆ ಬೇಡ, ಗಿಡ ಬೆಳೆಯುವವರೆಗೆ ಕಾಯಬೇಕಿಲ್ಲ, ವಾಸನೆಯಿಂದ ಸಿಕ್ಕಿಬೀಳುವ ಭಯ ಗಾಂಜಾದಷ್ಟಿಲ್ಲ. ಕಿಸೆಯಲ್ಲೇ ಲಕ್ಷಗಟ್ಟಲೆಯ ಮಾಲು ಸಾಗಿಸಬಹುದು. ಗಿಡದ ಹಿಂದೆ ಬಿದ್ದ ಪೊಲೀಸಿನವನ ಬೆನ್ನ ಹಿಂದೆ ಪುಡಿ ದಾಟಿಹೋಗುತ್ತದೆ. ನಮ್ಮ ಕಾಸರಗೋಡಿನಲ್ಲಿ ಎಂ.ಡಿ.ಎಂ.ಎ. ಹಿಡಿದ ಸುದ್ದಿಯನ್ನು ಅಚ್ಚು ಹಾಕುತ್ತಿರುವ ನಮಗೆ ಇದು ಹೊಸ ಪಾಠವಲ್ಲ.

ಇಷ್ಟು ಹೇಳಿದ ಮೇಲೆ ನಾವು ಪೂರ್ಣ ಪರವಾನಗಿಯ ಪಕ್ಷ ಸೇರಿದೆವೆಂದು ಯಾರೂ ತಿಳಿಯಬಾರದು. ಕೊಲ್ಲಾಪುರದಿಂದ ಗಡಹಿಂಗ್ಲಜಕ್ಕೆ ಹೋಗುವ ಹಾದಿಯ ಹತ್ತಿರ ನಿಪ್ಪಾಣಿ ಇದೆ. ಅಲ್ಲಿನ ತಂಬಾಕು ಪೂರ್ಣ ಕಾನೂನುಬದ್ಧವಾದ ಅಮಲಿನ ಬೆಳೆ. ಲೈಸೆನ್ಸು, ಅಬಕಾರಿ ಸುಂಕ ಎಲ್ಲವನ್ನೂ ಕಂಡದ್ದು. ಅದರಿಂದ ಬೆಳೆಗಾರ ಉದ್ಧಾರವಾದನೆ? ಬೆಲೆ ಸಿಗದೆ, ವ್ಯಾಪಾರಿಗಳ ಕೈಯಲ್ಲಿ ನಲುಗಿದ ತಂಬಾಕು ರೈತರು 1981ರಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಠಾಣ್ಯ ಹೂಡಿದರು. ಏಪ್ರಿಲ 6ರಂದು ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಬೀಡಿ ಕಟ್ಟುವ, ತಂಬಾಕಿನ ಧೂಳು ಕುಡಿಯುವ ಹೆಂಗಸರು ತಮ್ಮ ಕೂಲಿಗಾಗಿ ಬೇರೆಯೇ ಹೋರಾಟ ನಡೆಸಬೇಕಾಯಿತು. ಕಾನೂನು ಒಪ್ಪಿದ ಮಾತ್ರಕ್ಕೆ ಲಾಭ ಗದ್ದೆಗೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ನಾಳೆ ಗಾಂಜಾ ಕಾನೂನುಬದ್ಧವಾದರೆ ಸಣ್ಣ ರೈತ ಜೈಲಿನಿಂದ ಹೊರಬರುತ್ತಾನೆ, ಸಂತೋಷ. ಆದರೆ ಪ್ರಯೋಗಶಾಲೆಯ ಪ್ರಮಾಣಪತ್ರ, ಬೇಲಿ, ಕಾವಲು, ಲೈಸೆನ್ಸು ಶುಲ್ಕಗಳ ಷರತ್ತು ಹಾಕಿದರೆ ಬೆಳೆಯುವವರು ಕಂಪೆನಿಗಳೇ ಹೊರತು ಹಿರಣ್ಯಕೇಶಿ ದಂಡೆಯ ಒಂದೆಕರೆಯವನಲ್ಲ.

ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು 1985ರ ಕಾಯಿದೆಯ 14ನೆಯ ಕಲಮಿನಲ್ಲೇ ದಾರಿಯಿದೆ. ಉತ್ತರಾಖಂಡ 2018ರಲ್ಲಿ ಅದನ್ನು ತೆರೆಯಿತು. ಈ ನಾರು ಇಚಲಕರಂಜಿಯ ಮಗ್ಗಗಳಿಗೆ ಜೀವ ಕೊಡುತ್ತದೆಂದು ಕೆಲವರು ಆಸೆಪಡುತ್ತಾರೆ. ಹತ್ತಿ, ಪಾಲಿಯೆಸ್ಟರುಗಳ ಮಗ್ಗಗಳು ಒಂದು ಗಿಡದಿಂದ ಬದಲಾದಾವೆಂಬ ನಂಬಿಕೆ ನಮಗಿಲ್ಲ.

ಹೊರ ದೇಶಗಳ ಅನುಭವವೂ ಒಂದೇ ಬಗೆಯದಲ್ಲ. 2013ರಲ್ಲಿ ಉರುಗ್ವೆ, 2018ರಲ್ಲಿ ಕೆನಡಾ ಬಾಗಿಲು ತೆರೆದವು. ಜರ್ಮನಿ 2024ರ ಏಪ್ರಿಲಿನಿಂದ ವಯಸ್ಕರಿಗೆ 25 ಗ್ರಾಮು ಇಟ್ಟುಕೊಳ್ಳಲು, ಮನೆಯಲ್ಲಿ ಮೂರು ಗಿಡ ಬೆಳೆಯಲು ಬಿಟ್ಟಿತು. ಅಂಗಡಿ ಮಾತ್ರ ಬೇಡವೆಂದಿತು. ಥೈಲೆಂಡ್ 2022ರಲ್ಲಿ ಒಮ್ಮೆಲೇ ಬಿಟ್ಟು, ಬೀದಿಗೊಂದು ಅಂಗಡಿಯಾಗಿ, 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಹಿಂದೆ ಸರಿಯಿತು. ನಮ್ಮ ಸರಕಾರವೂ ವಿಶ್ವಸಂಸ್ಥೆಯ ಆಯೋಗದಲ್ಲಿ 2020ರ ಡಿಸೆಂಬರಿನಲ್ಲಿ, ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಇಳಿಸುವ ಪರವಾಗಿ ಮತ ಹಾಕಿತು. ವಿಯೆನ್ನಾದಲ್ಲಿ ಕೈಯೆತ್ತಿದವರು ದಿಲ್ಲಿಗೆ ಬಂದು ಕೈಕಟ್ಟಿ ಕುಳಿತರು.

ರಾಜ್ಯಕ್ಕೊಂದು ರೀತಿ ಮಾಡಿದರೆ ಸಾಲದೆ ಎಂದು ಕೇಳುವವರು ಗಡಿಯಲ್ಲಿ ವಾಸಿಸಿ ನೋಡಬೇಕು. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು, ಕರ್ನಾಟಕ 2013ರಲ್ಲಿ. ಗಡಿ ದಾಟಿ ಬಂದ ಗುಟ್ಕಾ ಹಿಡಿದ ಸುದ್ದಿ ಕೊಲ್ಲಾಪುರಕ್ಕೆ ಈಗಲೂ ಹೊಸತಲ್ಲ. ಕೇರಳ 1996ರಲ್ಲಿ ಸಾರಾಯಿ ನಿಲ್ಲಿಸಿದ ಮೇಲೆ ತಲಪಾಡಿಯ ಈಚೆಗೆ ಏನೆಲ್ಲ ಬಂತೆಂದು ನಮ್ಮ ಜಿಲ್ಲೆಯವರಿಗೆ ಗೊತ್ತಿದೆ. ಸಂಕೇಶ್ವರದಲ್ಲಿ ಒಂದು ನ್ಯಾಯ, ಗಡಹಿಂಗ್ಲಜದಲ್ಲಿ ಇನ್ನೊಂದು ಎಂದಾದರೆ ನಡುವಿನ ದಾರಿ ಕಳ್ಳಸಾಗಣೆಯವನದೇ. ಆದುದರಿಂದ ಬದಲಾವಣೆ ಆಗುವುದಿದ್ದರೆ ಅದು ಕೇಂದ್ರದ ಕಾಯಿದೆಯಲ್ಲೇ ಆಗಲಿ.

ನಾವು ಕೇಳುವುದು ಇಷ್ಟು. ಸೇದಿದ್ದಕ್ಕಾಗಿ, ಒಂದೆರಡು ಗಿಡಕ್ಕಾಗಿ ಜೈಲು ಬೇಡ. ತೂಗುವುದು ಹೂತುದಿಯನ್ನು ಮಾತ್ರ ಎಂದು ಕಾಯಿದೆಯಲ್ಲೇ ಸ್ಪಷ್ಟವಾಗಲಿ. ಎಳೆಯರಿಗೆ ಮಾರುವವನಿಗೂ ಮುಂಗಡ ಕೊಟ್ಟು ಬೆಳೆಸುವ ದಲ್ಲಾಳಿಗೂ ಈಗಿನ ಶಿಕ್ಷೆಯೇ ಇರಲಿ. ಚಟಕ್ಕೆ ಬಿದ್ದವನಿಗೆ ತಾಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಲಿ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದವನನ್ನು ಶಿಕ್ಷೆಯಿಂದ ಬಿಡುವ ಕಲಮು ಕಾಯಿದೆಯಲ್ಲಿ ಈಗಲೂ ಇದೆ, ಚಿಕಿತ್ಸೆ ಕೊಡುವವರು ಬೇಕು.

ಅಂಗಡಿಯ ಮಾತು ಬಂದಾಗ ಮಾತ್ರ ದಿಲ್ಲಿ ಒಂದು ವಿಷಯವನ್ನು ಮಹಾರಾಷ್ಟ್ರದಿಂದ ಕಲಿಯಬೇಕು. ಅಲ್ಲಿ ಊರಿನ ಹೆಂಗಸರು ಅರ್ಜಿ ಹಾಕಿ ಮತದಾನ ಕೇಳಬಹುದು. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಮತ್ತು ಮಲಗಿದ ಬಾಟಲಿ. ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಒತ್ತಿದರೆ ಮದ್ಯದಂಗಡಿ ಮುಚ್ಚಬೇಕು. ಈ ಹಕ್ಕಿನಿಂದ ಎಷ್ಟೋ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿವೆ. ಗಾಂಜಾ ಮಾರಾಟಕ್ಕೆ ಎಂದಾದರೂ ಪರವಾನಗಿ ಕೊಡುವ ಮಸೂದೆ ಬಂದರೆ, ಅಂಗಡಿ ತೆರೆದ ಮೇಲೆ ಮುಚ್ಚಿಸುವ ಮತವಲ್ಲ, ತೆರೆಯುವ ಮೊದಲೇ ಕೇಳುವ ಮತ ಆ ಹೆಂಗಸರಿಗೆ ಇರಬೇಕು. ಮತಪತ್ರ ಗಡಹಿಂಗ್ಲಜದಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಅಚ್ಚಾಗಲಿ.