ಹೈಸ್ಕೂಲು ಆರಿಸುವ ಮುನ್ನ ಗೇಟು ದಾಟಿ ಒಳಗೆ ಹೋಗಿ

ಏಳನೇ ಕ್ಲಾಸು ಮುಗಿಸಿದ ಮಕ್ಕಳ ಮನೆಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಎಂಟಕ್ಕೆ ಎಲ್ಲಿಗೆ? ದಾವಣಗೆರೆಯ ಮಂಡಿಪೇಟೆಯಲ್ಲಿ ಗಲ್ಲಾದ ಮುಂದೆ ಕೂತ ವ್ಯಾಪಾರಿಗೂ, ಜಗಳೂರು, ಚನ್ನಗಿರಿ ಕಡೆಯಿಂದ ಬಸ್ಸಿನಲ್ಲಿ ನಿಂತೇ ಬರುವ ಕೂಲಿಯವನಿಗೂ ಚಿಂತೆ ಒಂದೇ. ಸಾಲ ಮಾಡಿ ಖಾಸಗಿ ಶಾಲೆಗೆ ಡೊನೇಷನ್ ಕಟ್ಟುವುದೋ, ಬಡಾವಣೆಯಲ್ಲೇ ಇರುವ ಸರ್ಕಾರಿ ಹೈಸ್ಕೂಲಿಗೆ ಸೇರಿಸುವುದೋ?

ವಿಚಿತ್ರ ನೋಡಿ. ಮೂಟೆಯೊಳಗೆ ಮೊಣಕೈವರೆಗೂ ಕೈ ಹಾಕಿ ತಳದ ಕಾಳು ತೆಗೆದು ನೋಡದೆ ಅಕ್ಕಿ ಕೊಳ್ಳದ ಜನ, ಮಗುವಿನ ಮೂರು ವರ್ಷದ ಓದನ್ನು ಮಾತ್ರ ಪಕ್ಕದ ಮನೆಯವರ ಮಾತಿನ ಮೇಲೆ ತೀರ್ಮಾನಿಸುತ್ತಾರೆ. "ಅಯ್ಯೋ, ಗವರ್ನಮೆಂಟ್ ಸ್ಕೂಲಾ?" ಎಂದು ಯಾರೋ ಮೂಗು ಮುರಿದರೆ ಮುಗಿಯಿತು. "ಆ ಕಾನ್ವೆಂಟಲ್ಲಿ ಟೈ ಕಟ್ಟಿಸ್ತಾರಂತೆ" ಎಂದರೆ ಅದೇ ಸರ್ಟಿಫಿಕೇಟು! ಸರ್ಕಾರಿ ಶಾಲೆಗಳೆಲ್ಲ ಒಳ್ಳೆಯವೂ ಅಲ್ಲ, ಎಲ್ಲವೂ ಕೆಟ್ಟವೂ ಅಲ್ಲ. ಒಂದೇ ಊರಿನ ಎರಡು ಶಾಲೆಗಳಿಗೆ ಅಜಗಜಾಂತರ ಇರುತ್ತದೆ. ಅದು ಗೇಟಿನ ಹೊರಗೆ ನಿಂತರೆ ಕಾಣುವುದಿಲ್ಲ.

ಶೇಕಡಾ ಲೆಕ್ಕದ ಮರ್ಮ

ಪಾಲಕರು ಮೊದಲು ಕೇಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶ. ಕೇಳಲಿ, ತಪ್ಪಿಲ್ಲ. ಆದರೆ ಆ ಶೇಕಡಾ ಲೆಕ್ಕ ಎಂಥ ಜಾರುಬಂಡೆ ಎಂಬುದು ಗೊತ್ತಿರಲಿ. ಕೋವಿಡ್ ಕಾಲದ 2021ರಲ್ಲಿ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ ನಡೆದು ರಾಜ್ಯದಲ್ಲಿ ಶೇ. 99.9 ಮಂದಿ ಪಾಸಾದರು. 2022ರಲ್ಲಿ ಅದು ಶೇ. 85.63, 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಣು ಬಿತ್ತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಮೂರು ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ಏಕಾಏಕಿ ದಡ್ಡರಾದರೇ? ಇಲ್ಲ. ಅಳೆಯುವ ಕೋಲು ಬದಲಾಯಿತು, ಅಷ್ಟೆ.

ಇನ್ನೊಂದು ಮಾತು. ನೂರು ಅಂಕದ ವಿಷಯದಲ್ಲಿ 80 ಮಾತ್ರ ಬರೆಯುವ ಪರೀಕ್ಷೆಯದು. ಉಳಿದ 20 ಶಾಲೆಯೇ ಹಾಕುವ ಆಂತರಿಕ ಅಂಕ. ಅದನ್ನು ಎಷ್ಟು ಉದಾರವಾಗಿ ಹಂಚುತ್ತಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಏನು ಕೇಳಬೇಕು? ಎಂಟನೇ ಕ್ಲಾಸಿಗೆ ಸೇರಿದವರು ಎಷ್ಟು ಮಂದಿ, ಅವರಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತವರು ಎಷ್ಟು ಮಂದಿ ಎಂದು ಕೇಳಬೇಕು. "ನೂರಕ್ಕೆ ನೂರು" ಎಂದು ಬ್ಯಾನರು ಕಟ್ಟುವ ಕೆಲವು ಕಡೆ, ಓದಿನಲ್ಲಿ ಹಿಂದಿರುವ ಹುಡುಗನ ಕೈಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಸಾಗಹಾಕುವುದುಂಟು. ಆ ಹುಡುಗ ಬಂದು ಸೇರುವುದು ಸರ್ಕಾರಿ ಹೈಸ್ಕೂಲಿಗೇ. ಒಬ್ಬರ ನೂರಕ್ಕೆ ನೂರಿನ ಬೆಲೆ ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತದೆ! ಬಂದವರನ್ನೆಲ್ಲ ಉಳಿಸಿಕೊಂಡು ನೂರಕ್ಕೆ ಎಪ್ಪತ್ತು ಪಾಸು ಮಾಡಿಸಿದ ಶಾಲೆ, ಆರಿಸಿ ತೆಗೆದು ನೂರು ತೋರಿಸಿದ ಶಾಲೆಗಿಂತ ಹೆಚ್ಚು ಪಾಠ ಮಾಡಿದೆ ಎಂದೇ ಅರ್ಥ.

ಮೇಷ್ಟ್ರು ಎಷ್ಟು ಮಂದಿ?

ಕಟ್ಟಡ ಹಳೆಯದಾದರೂ ನಡೆಯುತ್ತದೆ, ಮೇಷ್ಟ್ರಿಲ್ಲದಿದ್ದರೆ ನಡೆಯುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜಕ್ಕೆ ಒಬ್ಬೊಬ್ಬರು ಬೇಕು. ಗಣಿತ ಮತ್ತು ಭೌತಶಾಸ್ತ್ರಕ್ಕೆ ಪಿ.ಸಿ.ಎಂ. ಓದಿದವರು, ಜೀವಶಾಸ್ತ್ರಕ್ಕೆ ಸಿ.ಬಿ.ಝಡ್. ಓದಿದವರು ಬೇಕು. ಡ್ರಿಲ್ ಮೇಷ್ಟ್ರೂ ಬೇಕು. ಇವರಲ್ಲಿ ಯಾರು ಖಾಯಂ, ಯಾರು ಅತಿಥಿ ಶಿಕ್ಷಕರು, ಯಾವ ಹುದ್ದೆ ಖಾಲಿ? ಹೆಡ್ಮಾಸ್ಟರರು ಖಾಯಮ್ಮೋ, ಪ್ರಭಾರಿಯೋ? ಕೇಳಿ ತಿಳಿಯಬೇಕು.

ಅತಿಥಿ ಶಿಕ್ಷಕರಲ್ಲೂ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ತೊಂದರೆ ಅವರದಲ್ಲ. ಶಾಲೆ ಬಾಗಿಲು ತೆರೆದು ಮಕ್ಕಳು ಬಂದು ಕೂತ ಮೇಲೂ ನೇಮಕದ ಕಾಗದ ಬಾರದೆ ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳು ಸುಮ್ಮನೆ ಕೂರುವುದು ತೊಂದರೆ. ಆದ್ದರಿಂದ "ಕಳೆದ ವರ್ಷ ಗಣಿತದ ಪಾಠ ಯಾವ ತಿಂಗಳಲ್ಲಿ ಶುರುವಾಯ್ತು?" ಎಂದು ಅಲ್ಲೇ ಓದುವ ಮಗುವನ್ನು ಕೇಳಿದರೆ ಸಾಕು. ಮಕ್ಕಳು ಸುಳ್ಳು ಹೇಳುವುದಿಲ್ಲ. ಪ್ರಯೋಗಾಲಯದ ಬೀರುವಿನ ಬೀಗಕ್ಕೆ ತುಕ್ಕು ಹಿಡಿದಿದೆಯೇ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದನ್ನೂ ಕಣ್ಣಾರೆ ನೋಡಬೇಕು. ಕಡ್ಡಾಯ ಶಿಕ್ಷಣದ 2009ರ ಕಾಯ್ದೆ 14 ವರ್ಷದವರೆಗಷ್ಟೆ. ಅಲ್ಲಿಂದ ಮುಂದೆ, ಒಂಬತ್ತು, ಹತ್ತರಲ್ಲಿ ಹುಡುಗಿ ಶಾಲೆ ಬಿಟ್ಟರೆ ತಡೆಯಲು ಕಾನೂನಿನ ಆಸರೆಯೂ ಇಲ್ಲ.

ಇನ್ನೂ ಒಂದು ಅಳತೆಗೋಲಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಎನ್.ಎಂ.ಎಂ.ಎಸ್. ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಎಂಟನೇ ಕ್ಲಾಸಿನವರು ಬರೆಯುತ್ತಾರೆ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೇ ಇದು ಮೀಸಲು. ಅನುದಾನವಿಲ್ಲದ ಖಾಸಗಿ ಶಾಲೆಯ ಮಗುವಿಗೆ ಇಲ್ಲ. "ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಂದಿ ಬರೆದರು, ಎಷ್ಟು ಮಂದಿಗೆ ಸಿಕ್ತು?" ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಆ ಶಾಲೆಯಲ್ಲಿ ಮಕ್ಕಳ ಬಗ್ಗೆ ಕಾಳಜಿ ಇರುವವರು ಇದ್ದಾರೆ. "ಹಾಗಂದ್ರೇನು?" ಎಂಬ ಉತ್ತರ ಬಂದರೆ ಅದೂ ಒಂದು ಉತ್ತರವೇ.

ಬಸ್ಸಿನ ಲೆಕ್ಕ, ಮೀಸಲಿನ ಲೆಕ್ಕ

ಹಳ್ಳಿ ಬಿಟ್ಟು ಮಗುವನ್ನು ಪೇಟೆಗೆ ಕಳಿಸುವ ಮುನ್ನ ಬಸ್ಸಿನ ವೇಳೆ ನೋಡಿಕೊಳ್ಳಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ನಿಜ. ಆದರೆ ಖಾಸಗಿ ಬಸ್ಸೇ ಓಡುವ ಮಾರ್ಗದಲ್ಲಿ ಆ ಶಕ್ತಿ ನಡೆಯದು. ಹತ್ತನೇ ಕ್ಲಾಸಿಗೆ ಸಂಜೆ ವಿಶೇಷ ತರಗತಿ ಇಟ್ಟರೆ ಆಮೇಲೆ ಊರಿಗೆ ಬಸ್ಸಿದೆಯೇ? ಇಲ್ಲದಿದ್ದರೆ ಎಂಥ ಒಳ್ಳೆಯ ಶಾಲೆಯಾದರೇನು, ಆ ಮಗುವಿಗೆ ಅರ್ಧವೇ ದಕ್ಕುತ್ತದೆ.

ಗಮನಕ್ಕೇ ಬಾರದೆ ಕೈತಪ್ಪುವುದು ಇನ್ನೊಂದಿದೆ. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಹತ್ತು ವರ್ಷ ಎಂದರೆ ಪೂರ್ತಿ ಹತ್ತು. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ದಿನವೇ ಎರಡೂ ಹೋದವು! ಹಾಗೆಂದು ಯಾರೂ ಇಂಗ್ಲಿಷಿಗೆ ಹೋಗಬಾರದೆಂದಲ್ಲ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ಉಂಟು. ಕೊಡುವುದೇನು, ಕಳೆದುಕೊಳ್ಳುವುದೇನು ಎಂದು ಲೆಕ್ಕ ಹಾಕಿ ಸೇರಿಸಲಿ. ಅಂಗಡಿ ನಡೆಸುವವರಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ.

ಕೇಳುವವರು ಹೊರಟುಹೋದರೆ

ಇಷ್ಟೆಲ್ಲ ಕೇಳಿದರೆ ಉತ್ತರ ಕೊಡುತ್ತಾರೆಯೇ ಎಂಬ ಅನುಮಾನ ಬೇಡ. ಸರ್ಕಾರಿ ಶಾಲೆ ಸಾರ್ವಜನಿಕರ ದುಡ್ಡಿನದು. ಬಾಯಿಮಾತಿಗೆ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕಬಹುದು. ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ನಂಬರಿದೆ. ಅದನ್ನು ಹಾಕಿದರೆ ಮಕ್ಕಳೆಷ್ಟು, ಮೇಷ್ಟ್ರೆಷ್ಟು, ಕೊಠಡಿಯೆಷ್ಟು ಎಂಬ ವಿವರ ಮೊಬೈಲಿನಲ್ಲೇ ಸಿಗುತ್ತದೆ. ಕಾಗದದ ಲೆಕ್ಕಕ್ಕೂ ಕಣ್ಣೆದುರಿನ ಲೆಕ್ಕಕ್ಕೂ ತಾಳೆ ನೋಡುವುದು ಪಾಲಕರ ಕೆಲಸ.

ಆದರೆ ಈಗ ನಡೆಯುತ್ತಿರುವುದೇ ಬೇರೆ. ಕೇಳಬಲ್ಲವರು, ದನಿ ಎತ್ತಬಲ್ಲವರು ಮೊದಲೇ ಮಕ್ಕಳನ್ನು ಬೇರೆ ಕಡೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಇಲಾಖೆ ಅಲ್ಲಿನ ಮೇಷ್ಟ್ರನ್ನು "ಹೆಚ್ಚುವರಿ" ಎಂದು ಗುರುತಿಸಿ ಬೇರೆಡೆಗೆ ಎತ್ತುತ್ತದೆ. ಮೇಷ್ಟ್ರು ಹೋದರೆಂದು ಇನ್ನಷ್ಟು ಮಕ್ಕಳು ಹೋಗುತ್ತಾರೆ. ಕೊನೆಗೆ ಉಳಿಯುವುದು ಎಲ್ಲಿಗೂ ಹೋಗಲಾಗದವರ ಮಕ್ಕಳು: ಹಮಾಲರ ಮಕ್ಕಳು, ಮಂಡಕ್ಕಿ ಭಟ್ಟಿಯವರ ಮಕ್ಕಳು, ಮಧ್ಯಾಹ್ನದ ಬಿಸಿಯೂಟವನ್ನೇ ನೆಚ್ಚಿಕೊಂಡವರು. ಅವರ ಪರವಾಗಿ ಹೆಡ್ಮಾಸ್ಟರ ಮುಂದೆ ಕುರ್ಚಿ ಎಳೆದು ಕೂತು ಕೇಳುವವರು ಯಾರು?

ಶಿಕ್ಷಣ ಇಲಾಖೆಯ ಅಧಿಕಾರಿಗಳು ಒಂದು ಸಣ್ಣ ಕೆಲಸ ಮಾಡಲಿ. ಪ್ರತಿ ಹೈಸ್ಕೂಲಿನ ಗೇಟಿಗೆ ಒಂದು ಕರಿಹಲಗೆ ತೂಗುಹಾಕಿಸಲಿ. ಎಂಟಕ್ಕೆ ಸೇರಿದವರೆಷ್ಟು, ಹತ್ತು ಪಾಸಾದವರೆಷ್ಟು, ಖಾಲಿ ಹುದ್ದೆ ಯಾವುದು, ಎಂದಿನಿಂದ ಖಾಲಿ ಎಂದು ಬರೆಸಲಿ. ಇದಕ್ಕೆ ಬಜೆಟ್ಟು ಬೇಡ, ಸೀಮೆಸುಣ್ಣ ಸಾಕು. ಪಾಲಕರೂ ಒಂದು ದಿನ ಅಂಗಡಿಯ ಬಾಗಿಲು ಅರ್ಧ ಗಂಟೆ ತಡವಾಗಿ ತೆರೆದು ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಿ ಬರಲಿ. ನೋಡಿ ಬೇಡವೆಂದರೆ ಬೇಡ, ಅದು ಅವರವರ ಇಷ್ಟ. ನೋಡದೆಯೇ ಬೇಡವೆನ್ನುವುದು ಮಾತ್ರ ವ್ಯಾಪಾರವೂ ಅಲ್ಲ, ನ್ಯಾಯವೂ ಅಲ್ಲ.