ಕಾನೂನಿನ ಕಂಡಿ ಯಾರಿಗೆ?

ದೇವದುರ್ಗದ ಹತ್ತಿಯೂ ಮಾನ್ವಿಯ ಭತ್ತವೂ ಬಂದಿಳಿಯುವ ರಾಯಚೂರಿನ ಗಂಜಿನಲ್ಲಿ ಸಣ್ಣ ವರ್ತಕರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕಾನೂನು ಮೀರದೆಯೇ ತೆರಿಗೆ ತಪ್ಪಿಸಿಕೊಳ್ಳುವ ವಿದ್ಯೆ ದೊಡ್ಡ ಕಂಪೆನಿಗಳಿಗೆ ಮಾತ್ರ ಹೇಗೆ ಒಲಿಯಿತು?

ಉತ್ತರದ ಒಂದು ತುಣುಕು ನಮ್ಮ ಅಕ್ಕಿ ಅಂಗಡಿಯಲ್ಲೇ ಇದೆ. 2022ರ ಜುಲೈ 18ರಿಂದ, ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ನೂರಕ್ಕೆ 5ರಂತೆ ಜಿ.ಎಸ್.ಟಿ. ಬಿತ್ತು. ಬಳಿಕ ಪೇಟೆಗೆ 26 ಕಿಲೋ ಚೀಲ ಬಂತು! ಆದರೆ ಒಮ್ಮೆಗೆ 26 ಕಿಲೋ ಕೊಳ್ಳುವ ಶಕ್ತಿ ಯಾರಿಗಿದೆ? 5 ಕಿಲೋ ಕಟ್ಟು ಒಯ್ಯುವ ಗಿರಣಿ ಕಾರ್ಮಿಕ ತೆರಿಗೆ ತೆತ್ತೇ ಉಣ್ಣುತ್ತಾನೆ.

ಕಂಪೆನಿಗಳ ಕಂಡಿ ಸಮುದ್ರದಾಚೆ ಇರುತ್ತದೆ. 2007ರಲ್ಲಿ ವೊಡಾಫೋನ್ ಕಂಪೆನಿಯು ಹಚಿಸನ್ನಿನ ಭಾರತದ ಮೊಬೈಲ್ ವ್ಯವಹಾರವನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಂಡಿತು. ಗಿರಾಕಿಗಳು ಈ ದೇಶದ ಜನ. ಕಾಗದದ ಮೇಲೆ ಕೈ ಬದಲಾದದ್ದು ಕೇಮನ್ ದ್ವೀಪದ ಕಂಪೆನಿಯೊಂದರ ಷೇರು. ಆದಾಯ ತೆರಿಗೆ ಇಲಾಖೆ ಸುಮಾರು 11,000 ಕೋಟಿ ರೂಪಾಯಿ ಕೇಳಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೆರಿಗೆ ಸಲ್ಲದೆಂದಿತು. ಅದೇ ವರ್ಷ ಪಾರ್ಲಿಮೆಂಟು ಹಿಂದಿನ ವ್ಯವಹಾರಗಳಿಗೂ ತಗಲುವಂತೆ ಕಾನೂನು ತಿದ್ದಿತು. 2021ರಲ್ಲಿ ಸರಕಾರವೇ ಅದನ್ನು ಹಿಂತೆಗೆದುಕೊಂಡಿತು. ಹಿಂದಿನ ತಾರೀಖಿಗೆ ತೆರಿಗೆ ಹಾಕುವುದು ಸರಿಯಲ್ಲವೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಕಂಡಿಯನ್ನು ಮೊದಲೇ ಮುಚ್ಚದಿದ್ದುದು ಯಾರ ತಪ್ಪು?

ದುರಾಸೆ ಎಲ್ಲ ವ್ಯಾಪಾರದಲ್ಲೂ ಇದೆ. ಬಿಲ್ಲಿಲ್ಲದೆ ಮಾಲು ಸಾಗಿಸುವವರನ್ನು ನಾವು ಸಮರ್ಥಿಸೆವು. ಅದು ನೇರ ಕಳವು. ಕಂಪೆನಿಯ ಬಲ ಬೇರೆ: ತೆರಿಗೆ ಕಡಿಮೆಯಿರುವ ನಾಡಿನಲ್ಲೊಂದು ಶಾಖೆ, ಲಾಭವನ್ನು ಅಲ್ಲಿಗೆ ಸಾಗಿಸಬಲ್ಲ ಲೆಕ್ಕಿಗರು, ವರ್ಷಗಟ್ಟಲೆ ವ್ಯಾಜ್ಯ ನಡೆಸುವಷ್ಟು ಹಣ. ಇವೆಲ್ಲಕ್ಕೂ ಮಿಗಿಲಾದದ್ದು, ಬಂಡವಾಳ ಓಡಿಹೋದೀತೆಂಬ ಸರಕಾರದ ಅಂಜಿಕೆ.

ಆ ಅಂಜಿಕೆಯೇ 2019ರ ಸೆಪ್ಟೆಂಬರಿನಲ್ಲಿ ತಪ್ಪಿಸಿಕೊಳ್ಳುವ ಶ್ರಮವನ್ನೂ ಹಗುರ ಮಾಡಿತು. ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ ತೆರಿಗೆ, ಮೇಲ್ತೆರಿಗೆ ಬಿಟ್ಟು, ನೂರಕ್ಕೆ 22ಕ್ಕೆ ಇಳಿಯಿತು. ಬೊಕ್ಕಸಕ್ಕೆ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಸರಕಾರವೇ ಹೇಳಿತು. ಅಣ್ಣತಮ್ಮಂದಿರಿಬ್ಬರು ಪಾಲುದಾರಿಕೆಯಲ್ಲಿ ನಡೆಸುವ ಜಿನ್ನಿಂಗ್ ಗಿರಣಿಗೆ ಮಾತ್ರ ನೂರಕ್ಕೆ 30 ಹಾಗೆಯೇ ಉಳಿದಿದೆ.

ರಾಯಚೂರಿನ ಲೋಕಸಭಾ ಸದಸ್ಯರು ಸಭೆಯಲ್ಲಿ ಎರಡು ಪ್ರಶ್ನೆ ಕೇಳಲಿ. ಈ ರಿಯಾಯಿತಿ ಪಡೆದ ಕಂಪೆನಿಗಳು ಎಷ್ಟು ಜನಕ್ಕೆ ಹೊಸದಾಗಿ ಕೆಲಸ ಕೊಟ್ಟವು? ಪಾಲುದಾರಿಕೆಯ ಗಿರಣಿಗೆ ಅದೇ ದರ ಏಕಿಲ್ಲ? ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.