ಅಡಿಕೆ ಬುಡಕ್ಕೆ ಕಡಲೆಬಳ್ಳಿ

ಶಿವಮೊಗ್ಗದಿಂದ ಮಲವಗೊಪ್ಪ ಹಾದು ಭದ್ರಾವತಿಗೆ ಹೋಗುವ ಸೀಮೆಯಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಭತ್ತದ ಜೊತೆ ಕೊಟ್ಟಿಗೆಗೆ ಬರುತ್ತಿದ್ದ ಹುಲ್ಲೂ ಹೋಯಿತು. ಈಗ ರೈತ ಹುಲ್ಲಿನ ಪೆಂಡಿಗೆ ದುಡ್ಡು ಕೊಡುತ್ತಾನೆ. ತೋಟದಲ್ಲಿ ಎದ್ದ ಹಸಿರನ್ನು ಮಾತ್ರ ಕಳೆನಾಶಕ ಹೊಡೆದು ಸುಡುತ್ತಾನೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕದ ಸಿಂಪಡಣೆಯನ್ನು ಕೀಟ ನಿಯಂತ್ರಣ ವೃತ್ತಿಯವರಿಗೆ ಮಾತ್ರ ಸೀಮಿತಗೊಳಿಸಿದ್ದು ತೋಟಗಳ ತನಕ ತಲುಪಿದಂತಿಲ್ಲ.

ಕಳೆಯ ಜಾಗಕ್ಕೆ ಮೇವನ್ನೇ ಕೂರಿಸಬಹುದು. ಅರಾಕಿಸ್ ಪಿಂಟೊಯ್ ಎಂಬ ಕಡಲೆಬಳ್ಳಿ ನಮ್ಮ ಕಡಲೆಕಾಯಿಯದೇ ಕುಲ, ಆದರೆ ಬಹುವಾರ್ಷಿಕ. ಬ್ರೆಜಿಲ್‌ನ ಬಹಿಯಾದಲ್ಲಿ 1954ರಲ್ಲಿ ಇದನ್ನು ಸಂಗ್ರಹಿಸಿದ ಜೆರಾಲ್ಡೊ ಪಿಂಟೊ ಹೆಸರೇ ಇದಕ್ಕೂ ಬಂತು. ಆಸ್ಟ್ರೇಲಿಯಾ 1987ರಲ್ಲಿ ‘ಅಮರಿಲ್ಲೊ’ ತಳಿ ಬಿಡುಗಡೆ ಮಾಡಿತು. ಮಧ್ಯ ಅಮೆರಿಕದಲ್ಲಿ ಕಾಫಿ, ಬಾಳೆಯ ಬುಡಕ್ಕೆ ಇದನ್ನು ಹೊದಿಕೆಯಾಗಿ ಬೆಳೆಸುವುದುಂಟು. ನೆರಳು ತಡೆಯುತ್ತದೆ, ದನ ತುಳಿದರೂ ಮತ್ತೆ ಚಿಗುರುತ್ತದೆ, ಬೇರುಗಂಟುಗಳಲ್ಲಿ ಸಾರಜನಕ ಕೂಡಿಸುತ್ತದೆ. ಮೇವಿನಲ್ಲಿ ಪ್ರೋಟೀನೂ ಸಮೃದ್ಧ. ನಮ್ಮಲ್ಲಿ? ಹಳದಿ ಹೂವಿನ ಚೆಂದಕ್ಕೆ ನರ್ಸರಿಗಳಲ್ಲಿ ಅಲಂಕಾರಿಕ ಗಿಡವಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಕೂತಿದೆ.

ಹಾಗೆಂದು ಇದು ಪವಾಡವೇನಲ್ಲ. ಮೊದಲ ವರ್ಷ ಬಳ್ಳಿ ನಿಧಾನ, ಕೈಯಿಂದ ಕಳೆ ಕೀಳುವುದು ತಪ್ಪದು. ಮಲವಗೊಪ್ಪದಲ್ಲಿ ತೀರ್ಥಹಳ್ಳಿಯಷ್ಟು ಮಳೆಯಿಲ್ಲ. ಬೇಸಿಗೆಯಲ್ಲಿ ನೀರಿಲ್ಲದ ತೋಟದಲ್ಲಿ ಬಳ್ಳಿ ಬಾಡುತ್ತದೆ. ಉದುರಿದ ಅಡಿಕೆ ಹೆಕ್ಕುವವರಿಗೂ ತುಸು ತೊಂದರೆ, ಬುಡದ ಸುತ್ತ ಬಿಡಿಸಿಟ್ಟರೆ ಸರಿಹೋಗುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಗೊನೆಯಿಂದ ಕೆಳಗಿನ ಬಳ್ಳಿಯ ಮೇಲೂ ತೊಟ್ಟಿಕ್ಕುತ್ತದೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಲವಣ. ಆ ದಿನಗಳಲ್ಲಿ ಅಲ್ಲಿಂದ ಮೇವು ಕೊಯ್ಯಬಾರದು. ಕುರಿ ಸಾಕಿದವರಂತೂ ಇನ್ನೂ ಹುಷಾರಾಗಿರಬೇಕು. ದನ ತಡೆಯುವಷ್ಟು ತಾಮ್ರವನ್ನು ಕುರಿ ತಡೆಯದು. ಬಳ್ಳಿಯ ಗುಣಗಾನ ಮಾಡುವವರು ಈ ಮಾತನ್ನು ಮೊದಲು ಹೇಳಲಿ.

ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟವಾದ ಶಿಮುಲ್‌ನ ಡೇರಿಯಿದೆ, ಶಿವಮೊಗ್ಗ ಜಿಲ್ಲೆಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಮೇವಿನ ಬೀಜ ಹಂಚುವುದು ಹಾಲು ಒಕ್ಕೂಟಗಳಿಗೆ ಹೊಸದೇನೂ ಅಲ್ಲ. ಕಡಲೆಬಳ್ಳಿಗೆ ಬೀಜವೂ ಬೇಕಿಲ್ಲ, ತುಂಡು ನೆಟ್ಟರೆ ಹಿಡಿಯುತ್ತದೆ. ವಿಶ್ವವಿದ್ಯಾಲಯ ತಾಯಿಬಳ್ಳಿಗಳ ಮಡಿ ಬೆಳೆಸಲಿ. ಬೋರ್ಡೋ ಹೊಡೆದು ಎಷ್ಟು ದಿನಕ್ಕೆ ಕೊಯ್ಯಬಹುದೆಂದು ಅಳೆದು ಹೇಳಲಿ. ಹಾಲಿನ ಸೊಸೈಟಿಗಳು ಜೂನ್ ಮಳೆ ಹಿಡಿಯುವ ಮೊದಲು ಬಳ್ಳಿಯ ಕಟ್ಟು ಹಂಚಲಿ. ರೈತ ಮೊದಲ ವರ್ಷ ಎರಡು ಸಾಲಿಗೆ ಮಾತ್ರ ನೆಟ್ಟು ನೋಡಿದರೂ ಸಾಕು, ಉಳಿದ ಸಾಲುಗಳಿಗೆ ತುಂಡು ಅಲ್ಲಿಂದಲೇ ಸಿಗುತ್ತದೆ.